ನಾನು ಬರೆದ ನಾಲ್ಕುಗಳು

ಫುಟ್‌ಬಾಲ್ ಕ್ಲಬ್ಬಿನಲ್ಲಿ ಕೆಲಸ ಮಾಡಿದವನು ಎಂದು ಗೊತ್ತಾದ ಕೂಡಲೇ ಜನ ಕೇಳುವುದು, ಯಾರ ಯಾರ ಜೊತೆ ಫೋಟೊ ತೆಗೆಸಿಕೊಂಡಿದ್ದೀರಿ ಎಂದು. ಹತ್ತೊಂಬತ್ತು ವರ್ಷ ಕತಾರಿನ ಒಂದು ಕ್ಲಬ್ಬಿನ ವೈದ್ಯಕೀಯ ವಿಭಾಗದಲ್ಲಿ ದಾಖಲೆ ಬರೆಯುವ ಗುಮಾಸ್ತನಾಗಿದ್ದ ನನ್ನ ಬಳಿ ಅಂಥ ಫೋಟೊ ಹೆಚ್ಚೆಂದರೆ ಮೂರು ಇರಬಹುದು. ಇರುವುದು ಡೈರಿಗಳು. ಈಗ ನಮ್ಮ ಕಡೆಯಿಂದ ಕ್ರೀಡಾ ವಿಜ್ಞಾನ ಓದಿದ ಹುಡುಗ ಹುಡುಗಿಯರು ಇದೇ ಕೆಲಸಕ್ಕೆ ಬರುತ್ತಿದ್ದಾರೆ. ಹುದ್ದೆಯ ಹೆಸರು ಬದಲಾಗಿದೆ, ಕಾಗದದ ಜಾಗಕ್ಕೆ ಫೋನು ಬಂದಿದೆ. ಕೆಲಸ ಮಾತ್ರ ಅದೇ: ಆಟಗಾರನ ಮೈಯಲ್ಲಿ, ಮನಸ್ಸಿನಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಅಂಕಿಗಳಲ್ಲಿ ಬರೆದಿಡುವುದು. ಆ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಅವರಿಗಾಗಿ ಬರೆದಿಡಬೇಕೆನಿಸಿದೆ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ನಿವೃತ್ತನಾದ ಮೇಲೆ ಹಳೆಯ ಡೈರಿಗಳನ್ನು ತೆರೆದು ನೋಡಿದರೆ, ನಾನು ಹತ್ತಾರು ಸಲ ಹೇಳಿ ನಗಿಸಿದ ಕಥೆಗಳಲ್ಲಿ ಅರ್ಧದಷ್ಟು ಬೇರೆಯೇ ರೀತಿ ನಡೆದಿದ್ದವು. ಹಾಗಾಗಿ ಎಲ್ಲಿ ಡೈರಿ ಹೇಳುತ್ತಿದೆ, ಎಲ್ಲಿ ನಾನು ಹೇಳುತ್ತಿದ್ದೇನೆ ಎಂಬುದನ್ನು ತಿಳಿಸುತ್ತಾ ಹೋಗುತ್ತೇನೆ.

ನಾನು ಮೊದಲು ಉಡುಪಿಯ ಹತ್ತಿರ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿದ್ದೆ. ಹೆಂಡತಿ ಗ್ರೇಸಿಗೆ ದೋಹಾದಲ್ಲಿ ನರ್ಸ್ ಕೆಲಸ ಸಿಕ್ಕಿತು, ಹಿಂದಿನಿಂದ ನಾನೂ ಬಂದೆ. ಅವಳು ಈಗಲೂ ಕೆಲಸದಲ್ಲಿದ್ದಾಳೆ, ಅವಳ ವೀಸಾದ ಮೇಲೆ ನಾನು ಅಲ್ ಅಜೀಜಿಯಾದ ಫ್ಲ್ಯಾಟಿನಲ್ಲಿ ಅನ್ನ ಬೇಯಿಸಿಕೊಂಡು ಇದ್ದೇನೆ. ಮನೆಮಾತು ಕೊಂಕಣಿ. ಡೈರಿ ಮಾತ್ರ ಕಾಲೇಜಿನ ದಿನಗಳಿಂದ ಕನ್ನಡದಲ್ಲೇ.

ಕ್ಲಬ್ಬಿನಲ್ಲಿ ನನ್ನ ಮೊದಲ ಪ್ರಮಾದ ಮೂತ್ರದ್ದು. ಆಟಗಾರರ ಮೈಯಲ್ಲಿ ನೀರಿನಂಶ ಸಾಕಷ್ಟಿದೆಯೇ ಎಂದು ನೋಡಲು ಅಭ್ಯಾಸಕ್ಕೆ ಮುಂಚೆ ಪ್ರತಿಯೊಬ್ಬನೂ ಪ್ಲಾಸ್ಟಿಕ್ ಲೋಟದ ಮೇಲೆ ತನ್ನ ಜೆರ್ಸಿ ನಂಬರು ಬರೆದು ಮೇಜಿನ ಮೇಲೆ ಇಡಬೇಕು. ಒಂದು ದಿನ ಹಿರಿಯರ ತಂಡವೂ ಕಿರಿಯರ ತಂಡವೂ ಒಟ್ಟಿಗೆ ಬಂದವು. ಎರಡರಲ್ಲೂ ಆರನೇ ನಂಬರಿನವನೊಬ್ಬ ಇರುತ್ತಾನೆ ಎಂಬುದು ನನಗೆ ಹೊಳೆಯಲಿಲ್ಲ. ಕಿರಿಯನ ಲೋಟದ ಫಲಿತಾಂಶ ಹಿರಿಯನ ಹೆಸರಿಗೆ ಹೋಯಿತು. ಹಿರಿಯ ಎಂದರೆ ತಂಡದ ಕ್ಯಾಪ್ಟನ್. ಮೈಯಲ್ಲಿ ನೀರೇ ಇಲ್ಲವೆಂದು ಅವನಿಗೆ ಬಾಟಲಿಗಟ್ಟಲೆ ನೀರು ಕುಡಿಸಿದರು.

ಆಟಗಾರರ ಜೆರ್ಸಿ, ಬೂಟು ನೋಡಿಕೊಳ್ಳುವ ಕಿಟ್‌ಮ್ಯಾನ್ ಹಮೀದ್ ಉಳ್ಳಾಲದ ಬ್ಯಾರಿ. ನನಗಿಂತ ಆರು ವರ್ಷ ಮೊದಲು ಕತಾರಿಗೆ ಬಂದವನು. ಅಂದು ಸಂಜೆ ನನ್ನ ಮೇಜಿನ ಹತ್ತಿರ ಬಂದು ಹೇಳಿದ:

"ಮಾಷ್ಟ್ರೆ, ಇವತ್ತು ಕ್ಯಾಪ್ಟನ್ ಗ್ರೌಂಡಿಗಿಂತ ಕಕ್ಕಸಿಗೆ ಜಾಸ್ತಿ ಓಡಿದ್ದಾನೆ. ಅದನ್ನೂ ನಿಮ್ಮ ಪುಸ್ತಕದಲ್ಲಿ ಬರೀರಿ."

ಅಂದಿನಿಂದ ನಾನು ಲೋಟದ ಮೇಲೆ ಹೆಸರನ್ನೂ ಬರೆಸಲು ಶುರುಮಾಡಿದೆ. ಈ ತಪ್ಪು ಒಂದೇ ದಿನದಲ್ಲಿ ಬಯಲಾಯಿತು, ಎಲ್ಲರೂ ನಕ್ಕರು. ಇನ್ನೊಂದು ಹಾಗಲ್ಲ.

ಲೋಟದ ಪಕ್ಕದಲ್ಲೇ ಒಂದು ಫಾರಂ ಇರುತ್ತಿತ್ತು. ಐದು ಪ್ರಶ್ನೆ: ನಿದ್ದೆ, ಆಯಾಸ, ಸ್ನಾಯುನೋವು, ಹಸಿವು, ಮನಸ್ಥಿತಿ. ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ಅಂಕ. ಒಂದು ತೀರಾ ಕೆಟ್ಟದ್ದು, ಐದು ತುಂಬಾ ಒಳ್ಳೆಯದು. ಯಾರಾದರೂ ಎರಡು ಅಥವಾ ಒಂದು ಬರೆದರೆ ನಾನು ಕೂಡಲೇ ಡಾಕ್ಟರಿಗೆ ಫೋನ್ ಮಾಡಬೇಕು. ಡಾಕ್ಟರು ನೋಡುವವರೆಗೆ ಆ ಆಟಗಾರ ಮೈದಾನಕ್ಕೆ ಇಳಿಯುವಂತಿಲ್ಲ.

ಆಟಗಾರರಿಗೆ ಈ ಫಾರಂ ಎಂದರೆ ಆಗುತ್ತಿರಲಿಲ್ಲ. ಒಬ್ಬ ಬಾಗಿಲಿನಿಂದಲೇ "ಯಲ್ಲಾ, ಬೇಗ ಮಿಸ್ಟರ್ ಸಿರಿಲ್, ನಿನ್ನೆಯದ್ದೇ ಬರಿ" ಎಂದು ಕೂಗಿ ಹೋಗುತ್ತಿದ್ದ. ಇನ್ನೊಬ್ಬ ಮೇಜಿನ ಕಡೆ ನೋಡದೆಯೇ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ. ಆಗ ನಮ್ಮ ವಿಭಾಗಕ್ಕೆ ಮುಖ್ಯಸ್ಥರಾಗಿದ್ದವರು ಖಾಲಿ ಚೌಕ ಕಂಡರೆ ಕೆಂಪು ಗೆರೆ ಎಳೆದು, "ಇದು ಖಾಲಿ ಇದೆ ಎಂದರೆ ನೀನು ಕೆಲಸ ಮಾಡಿಲ್ಲ ಎಂದರ್ಥ" ಎನ್ನುತ್ತಿದ್ದರು. ಅವರನ್ನು ದೂರುವುದಿಲ್ಲ. ಖಾಲಿ ಚೌಕ ತುಂಬುವ ವಿದ್ಯೆ ನನಗೆ ಊರಿನಲ್ಲೇ ಬಂದಿತ್ತು. ಪಿ.ಟಿ. ತರಗತಿಯ ಹಾಜರಿ ಪುಸ್ತಕವನ್ನು ಎಷ್ಟೋ ಸಲ ತಿಂಗಳ ಕೊನೆಯಲ್ಲಿ ಒಂದೇ ಸಲಕ್ಕೆ, ಅಂದವಾಗಿ, ಬರೆದು ಮುಗಿಸಿದವನು ನಾನು. ಆ ಮಕ್ಕಳು ಶಾಲೆಗೆ ಬಂದೇ ಇರುತ್ತಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ಹಾಗಾಗಿ ಇಲ್ಲಿಯೂ ಅಂಕಗಳನ್ನು ನಾನೇ ತುಂಬಿದರೆ ಏನೂ ಆಗದು ಅಂದುಕೊಂಡಿದ್ದೆನೇನೋ. ಅಂದುಕೊಂಡಿದ್ದೆನೇ? ಡೈರಿಯಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ.

ಯೋನಾಸ್ ಬಂದದ್ದು ಇದೆಲ್ಲ ಅಭ್ಯಾಸವಾಗಿ ಹಲವು ವರ್ಷವಾದ ಮೇಲೆ. ಜರ್ಮನಿಯವನು, ಮೂವತ್ತೊಂದರ ಪ್ರಾಯ, ರಕ್ಷಣಾ ಆಟಗಾರ. ಬಾಗಿಲಿನ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ. ಮೊದಲ ದಿನ ಅವನು ಮಾಡಿದ ಕೆಲಸ ನನ್ನನ್ನು ಅಚ್ಚರಿಗೊಳಿಸಿತು: ಕುರ್ಚಿ ಎಳೆದು ಕೂತು ಐದು ಪ್ರಶ್ನೆಗಳನ್ನೂ ಓದಿ, ಯೋಚಿಸಿ ಬರೆದ. ಅಷ್ಟು ವರ್ಷಗಳಲ್ಲಿ ಆ ಕುರ್ಚಿಯಲ್ಲಿ ಕೂತ ಮೊದಲ ಆಟಗಾರ ಅವನೇ. ಕೆಲವು ವಾರ ಹಾಗೆಯೇ ನಡೆಯಿತು. ಒಂದು ದಿನ ಮನಸ್ಥಿತಿಯ ಚೌಕದಲ್ಲಿ ಎರಡೂವರೆ ಎಂದು ಬರೆದ.

"ಅರ್ಧ ಬರೆಯುವ ಹಾಗಿಲ್ಲ. ಕಂಪ್ಯೂಟರ್ ತೆಗೆದುಕೊಳ್ಳುವುದಿಲ್ಲ. ಎರಡು ಇಲ್ಲವೇ ಮೂರು," ಎಂದೆ.

ಅವನು ಫಾರಂ ನೋಡಿ, ಪೆನ್ನನ್ನು ನನ್ನ ಕಡೆಗೆ ಸರಿಸಿ, "ಹಾಗಾದರೆ ನೀವೇ ಆರಿಸಿ," ಎಂದ.

ಈ ಮಾತನ್ನು ಅವನು ಸಿಟ್ಟಿನಿಂದ ಹೇಳಿದನೇ, ನಗುತ್ತಾ ಹೇಳಿದನೇ, ನಂಬಿ ಹೇಳಿದನೇ? ಎಷ್ಟೋ ಸಲ ಯೋಚಿಸಿದ್ದೇನೆ. ನೆನಪಿನಲ್ಲಿ ಅವನ ಮುಖ ಒಂದೊಂದು ಸಲ ಒಂದೊಂದು ಥರ ಕಾಣುತ್ತದೆ. ಡೈರಿಯಲ್ಲಿ ಇರುವುದು ಇಷ್ಟೇ: "ಯೋನಾಸ್ ಅರ್ಧ ಅಂಕ ಕೇಳಿದ. ಮೂರು ಹಾಕಿದೆ."

ಮರುದಿನದಿಂದ ಅವನೂ ಕುರ್ಚಿಗೆ ಬರಲಿಲ್ಲ. ಬಾಗಿಲಿನಿಂದ ತಲೆಯಾಡಿಸಿ ಹೋಗತೊಡಗಿದ. ನಾನು ಮೂರು ಬರೆದೆ. ಆಮೇಲೆ, ಮೂರನ್ನು ನೋಡಿದರೆ ಡಾಕ್ಟರು ಏನಾದರೂ ಕೇಳಿಯಾರು ಎನಿಸಿ ನಾಲ್ಕು ಬರೆದೆ. ನಾಲ್ಕು ಒಳ್ಳೆಯ ಅಂಕ. ಐದು ಬರೆದರೆ ಸುಳ್ಳಿನ ಹಾಗೆ ಕಾಣುತ್ತದೆ. ನಾಲ್ಕನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ಹನ್ನೊಂದು ವಾರ ಅವನ ಐದೂ ಚೌಕಗಳಲ್ಲಿ ನನ್ನ ನಾಲ್ಕುಗಳೇ.

ವಿಚಿತ್ರವೆಂದರೆ ಅದೇ ಹನ್ನೊಂದು ವಾರಗಳಲ್ಲಿ ನನ್ನ ಡೈರಿ ತುಂಬ ಅವನೇ ಇದ್ದ. ಕುತೂಹಲದ ಮನುಷ್ಯ ನಾನು, ಕಂಡದ್ದನ್ನು ಬರೆಯದಿದ್ದರೆ ಸಮಾಧಾನವಿಲ್ಲ. ಅದಕ್ಕೆ ಹಮೀದ್ ಬೇರೆ ಸರಕು ಒದಗಿಸುತ್ತಿದ್ದ.

"ನಿಮ್ಮ ಜರ್ಮನಿಯವನಿಗೆ ಎಂಥದೋ ಆಗಿದೆ ಮಾಷ್ಟ್ರೆ. ಬೂಟು ಹಾಕ್ಲಿಕ್ಕೆ ಕೂತ್ರೆ ಲೇಸ್ ಹಿಡ್ಕೊಂಡು ಗೋಡೆ ನೋಡ್ತಾನೆ. ಇವತ್ತು ಇಪ್ಪತ್ತು ನಿಮಿಷ! ನಾನು ಹೆಸರು ಹಿಡಿದು ಕರೆದ ಮೇಲೆ ಎದ್ದದ್ದು."

"ಆಟ ಹೇಗೆ ಆಡಿದ?"

"ಅದೇ ಅಲ್ವಾ! ಗ್ರೌಂಡಿಗೆ ಇಳಿದ್ರೆ ಹುಲಿ ಮಾರಾಯ್ರೆ. ಒಬ್ಬನನ್ನೂ ದಾಟ್ಲಿಕ್ಕೆ ಬಿಡ್ಲಿಲ್ಲ."

ಒಂದು ಲೇಸ್ ಕಟ್ಟಲು ಇಪ್ಪತ್ತು ನಿಮಿಷ ಬೇಕಾಗುವವನು ತೊಂಬತ್ತು ನಿಮಿಷ ಹೇಗೆ ಓಡುತ್ತಾನೆ? ಈ ಪ್ರಶ್ನೆ ನನಗೆ ಅಂಟಿಕೊಂಡಿತು. ಒಂದು ದಿನ ಊಟಕ್ಕೆ ಕೂತಾಗ ಗ್ರೇಸಿಯನ್ನು ಕೇಳಿದೆ.

"ಅಂಥವರನ್ನು ವಾರ್ಡಲ್ಲಿ ನೋಡಿದ್ದೇನೆ ರೀ," ಅಂದಳು. "ನಮ್ಮ ನರ್ಸುಗಳಲ್ಲೇ ಒಬ್ಬಳಿದ್ದಳು. ಡ್ಯೂಟಿಯಲ್ಲಿ ಎಲ್ಲರಿಗಿಂತ ಚುರುಕು. ರೂಮಿಗೆ ಹೋದ್ರೆ ಮೂರು ದಿನ ಸ್ನಾನ ಸಹ ಇಲ್ಲ. ನೀವು ಅವನತ್ರ ಕೇಳಿದ್ರಾ?"

"ಎಂಥ ಕೇಳುದು?"

"ಹೇಗಿದ್ದೀ ಅಂತ."

"ಅದಕ್ಕೆ ಫಾರಂ ಉಂಟಲ್ಲ."

"ಫಾರಂ ಯಾರು ಬರೆಯುದು?"

ನಾನು ಮೀನಿನ ಮುಳ್ಳು ತೆಗೆಯುತ್ತಾ ಕೂತೆ.

ಇಲ್ಲಿ ಕೆಲಸದ ವಾರ ಶುರುವಾಗುವುದು ಭಾನುವಾರ. ಜನವರಿಯ ಅಂಥ ಒಂದು ಭಾನುವಾರ ಯೋನಾಸ್ ಅಭ್ಯಾಸಕ್ಕೆ ಬರಲಿಲ್ಲ. ಸೋಮವಾರವೂ ಇಲ್ಲ, ಫೋನು ಎತ್ತಲಿಲ್ಲ. ಮಂಗಳವಾರ ನಮ್ಮ ಡಾಕ್ಟರು ನಾದಿಯಾ ನನ್ನನ್ನು ಕರೆದುಕೊಂಡು ಅವನ ಫ್ಲ್ಯಾಟಿಗೆ ಹೋದರು. ಟ್ಯುನೀಷಿಯಾದವರು, ಕ್ಲಬ್ಬಿಗೆ ಹೊಸಬರು, ಕಡಿಮೆ ಮಾತು. ಬೆಲ್ ಒತ್ತಿ ತುಂಬ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಕಿಟಕಿಯ ಪರದೆಗಳೆಲ್ಲ ಎಳೆದಿದ್ದವು. ಬೇರೆ ದೇಶದಲ್ಲಾದರೆ ನೆರೆಯವರಿಗೆ ಅನುಮಾನ ಬರುತ್ತಿತ್ತೋ ಏನೋ. ಇಲ್ಲಿ ಬಿಸಿಲಿಗೆ ಎಲ್ಲರ ಮನೆಯ ಪರದೆಯೂ ವರ್ಷವಿಡೀ ಎಳೆದೇ ಇರುತ್ತದೆ.

"ಇವತ್ತು ಬರಬೇಕೆಂದೇ ಇದ್ದೆ," ಎಂದ ಯೋನಾಸ್. "ಸಾಕ್ಸ್ ಹಾಕಿಕೊಂಡೆ." ನೋಡಿದರೆ ಒಂದು ಕಾಲಿಗೆ ಮಾತ್ರ ಹಾಕಿದ್ದ.

ಡಾಕ್ಟರು ನನ್ನನ್ನು ಹೊರಗೆ ಕೂರಿಸಿ ಒಂದೂವರೆ ಗಂಟೆ ಅವನ ಜೊತೆ ಮಾತಾಡಿದರು. ವಾಪಸು ಬರುವಾಗ ಕಾರಿನಲ್ಲಿ, "ಇದು ಖಿನ್ನತೆ. ಮೊದಲೂ ಬಂದಿತ್ತಂತೆ, ಮುಚ್ಚಿಟ್ಟಿದ್ದಾನೆ. ಚಿಕಿತ್ಸೆ ಇವತ್ತೇ ಶುರುವಾಗಬೇಕು, ಒಬ್ಬನನ್ನೇ ಎಲ್ಲಿಗೂ ಕಳಿಸಬಾರದು," ಎಂದರು.

ಕ್ಲಬ್ಬಿನಲ್ಲಿ ಮ್ಯಾನೇಜರ್ ಫತ್ಹಿಯವರು ಆಗಲೇ ಫಾರಂಗಳ ಕಡತ ತರಿಸಿಕೊಂಡಿದ್ದರು. ಅವರು ಕೆಟ್ಟ ಮನುಷ್ಯರಲ್ಲ. ಹಿಂದಿನ ವರ್ಷ ಒಬ್ಬ ಆಟಗಾರ ಬೆನ್ನುನೋವೆಂದು ರಜೆ ಹಾಕಿ ಬೇರೆ ದೇಶದ ಕ್ಲಬ್ಬಿನ ಜೊತೆ ಮಾತುಕತೆಗೆ ಹೋಗಿದ್ದ, ಅದರ ಬೈಗುಳ ಇವರಿಗೆ ಬಿದ್ದಿತ್ತು. ಈಗ ಅವರು ಕಡತ ತಿರುಗಿಸಿ ತೋರಿಸಿದರು.

"ನೋಡಿ ಡಾಕ್ಟರ್. ಹನ್ನೊಂದು ವಾರ. ನಿದ್ದೆ ನಾಲ್ಕು, ಹಸಿವು ನಾಲ್ಕು, ಮನಸ್ಸು ನಾಲ್ಕು. ಗುರುವಾರದವರೆಗೂ ನಾಲ್ಕು. ಭಾನುವಾರ ಒಮ್ಮೆಲೇ ಕಾಯಿಲೆ? ಇದು ಹೇಳದೆ ಕೇಳದೆ ಗೈರುಹಾಜರಿ. ಬರುವ ಭಾನುವಾರ ಸಭೆ ಇದೆ, ಕರಾರು ಮುಗಿಸುತ್ತೇವೆ."

ಕರಾರು ಮುಗಿದರೆ ಅವನ ವೀಸಾ ಮುಗಿಯುತ್ತದೆ, ವಿಮೆ ಮುಗಿಯುತ್ತದೆ, ಚಿಕಿತ್ಸೆ ಶುರುವಾಗುವ ಮೊದಲೇ ನಿಲ್ಲುತ್ತದೆ. ಆ ಸ್ಥಿತಿಯಲ್ಲಿ ಒಬ್ಬನೇ ವಿಮಾನ ಹತ್ತಬೇಕು. ಡಾಕ್ಟರು ಎಷ್ಟು ಹೇಳಿದರೂ ಫತ್ಹಿಯವರ ಬೆರಳು ಆ ನಾಲ್ಕುಗಳ ಮೇಲೆಯೇ ಇತ್ತು. ನಾನು ಅದೇ ಕೋಣೆಯಲ್ಲಿದ್ದೆ. ಬಾಯಿ ಬಿಡಲಿಲ್ಲ.

ಇಲ್ಲಿ ನೆನಪು ನನಗೆ ಮೋಸ ಮಾಡಿದೆ. ಮರುದಿನವೇ ಹೋಗಿ ನಿಜ ಹೇಳಿದೆ ಎಂದು ಎಷ್ಟೋ ಜನರ ಮುಂದೆ ಹೇಳಿಕೊಂಡಿದ್ದೇನೆ, ಹೇಳಿಕೊಂಡು ನಾನೂ ನಂಬಿದ್ದೇನೆ. ಡೈರಿ ಬೇರೆ ಹೇಳುತ್ತದೆ. ಬುಧವಾರ: "ಹೇಳಲಿಲ್ಲ." ಗುರುವಾರ: "ಇವತ್ತೂ ಆಗಲಿಲ್ಲ. ದಾಖಲೆಯಲ್ಲಿ ಸುಳ್ಳು ಬರೆದವನಿಗೆ ಇಲ್ಲಿ ಕೆಲಸ ಉಳಿಯುವುದಿಲ್ಲ. ಈ ವಯಸ್ಸಿನಲ್ಲಿ ಎಲ್ಲಿ ಹೋಗಲಿ?" ಶುಕ್ರವಾರ, ಇಲ್ಲಿನ ವಾರದ ರಜೆಯ ದಿನ, ಚರ್ಚಿಗೆ ಹೋದದ್ದನ್ನೂ, ಆಮೇಲೆ ಉಮ್ಮ್ ಸಲಾಲಿನ ಅಂಗಡಿಯಿಂದ ಮೀನು ತಂದದ್ದನ್ನೂ ಬರೆದಿದ್ದೇನೆ, ಯೋನಾಸನ ಹೆಸರಿಲ್ಲ. ಅದು ಮರೆವೋ, ತಪ್ಪಿಸಿಕೊಳ್ಳುವ ಆಟವೋ, ನಿಮಗೆ ಬಿಟ್ಟದ್ದು.

ಶನಿವಾರ ಹಮೀದ್ ಒಗೆದ ಜೆರ್ಸಿಗಳನ್ನು ಮಡಚುತ್ತಿದ್ದ. ನಾನು ಸುಮ್ಮನೆ ಹೋಗಿ ಹತ್ತಿರ ನಿಂತೆ.

"ನಾಳೆ ಮೀಟಿಂಗ್ ಅಲ್ವಾ?" ಅಂದ.

"ಹೌದು."

"ನೀವು ಹೋಗ್ತೀರಾ?"

"ನನ್ನನ್ನು ಯಾರು ಕರೆದಿದ್ದಾರೆ?"

ಅವನು ಮಡಚುವುದನ್ನು ನಿಲ್ಲಿಸಲಿಲ್ಲ. "ಮಾಷ್ಟ್ರೆ, ಆಟಗಾರರ ಗಾಡಿ ಗೇಟಿಗೆ ಬರುವ ಮೊದಲೇ ನಿಮ್ಮ ಪೆನ್ನು ಓಡ್ತಾ ಇರ್ತಿತ್ತು. ನಂಗೆ ಕಣ್ಣು ಕಾಣ್ತದೆ. ಜರ್ಮನಿಯವನು ಹೋದ್ರೆ ಅವನ ಕಪಾಟು ಖಾಲಿ ಮಾಡುದು ನಾನು. ನಿಮಗೆಂಥ, ಇನ್ನೊಬ್ಬನಿಗೆ ನಾಲ್ಕು ಹಾಕ್ತೀರಿ."

ಹೀಗೆ ಯಾರಾದರೂ ಮೂತಿಗೆ ಹೊಡೆದ ಹಾಗೆ ಹೇಳದಿದ್ದರೆ ನಾನು ಹೋಗುತ್ತಿದ್ದೆನೇ? ಗೊತ್ತಿಲ್ಲ.

ಭಾನುವಾರ ಬೆಳಿಗ್ಗೆ ಡೈರಿ ಹಿಡಿದು ಸಭೆಯ ಕೋಣೆಗೆ ಹೋದೆ. ಫತ್ಹಿ, ಡಾಕ್ಟರ್ ನಾದಿಯಾ, ಕ್ಲಬ್ಬಿನ ವಕೀಲರು ಇದ್ದರು. ನಿಂತುಕೊಂಡೇ ಹೇಳಿದೆ: "ಆ ನಾಲ್ಕುಗಳು ಯೋನಾಸನವಲ್ಲ. ನಾನು ಬರೆದದ್ದು. ಅವನು ಒಂದು ದಿನವೂ ನಾಲ್ಕು ಎಂದು ಹೇಳಿಲ್ಲ. ನಾನು ಕೇಳಿಯೂ ಇಲ್ಲ. ಆ ದಿನಗಳಲ್ಲಿ ನಾನು ನಿಜವಾಗಿ ಕಂಡದ್ದು ಈ ಪುಸ್ತಕದಲ್ಲಿದೆ."

ಒಂದೊಂದೇ ಸಾಲು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ. ಫತ್ಹಿ ಕೈಯೆತ್ತಿ ತಡೆದರು. "ಇದರಲ್ಲಿ ಇರುವುದು ಇದೇ ಎಂದು ನಮಗೆ ಹೇಗೆ ಗೊತ್ತಾಗಬೇಕು? ಈ ಅಕ್ಷರ ಓದಬಲ್ಲವರು ಇಲ್ಲಿ ಯಾರಿದ್ದಾರೆ?"

ಹಮೀದನಿಗೆ ಹೇಳಿಕಳಿಸಿದರು. ಅವನು ಕೈ ಒರೆಸಿಕೊಳ್ಳುತ್ತಾ ಬಂದ. ಏಳನೇ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವನು, ಅರಬಿ ಇಲ್ಲಿ ಕಲಿತದ್ದು. ಬೆರಳಿಟ್ಟು, ಎಡವುತ್ತಾ, ಕನ್ನಡದಲ್ಲಿ ಜೋರಾಗಿ ಓದಿ, ಮತ್ತೆ ಅರಬಿಯಲ್ಲಿ ಹೇಳಿದ. "'ಯೋನಾಸ್ ತಟ್ಟೆ ಮುಟ್ಟದೆ ಹಿಂದಿಟ್ಟ. ಎರಡನೇ ದಿನ.'" ಪುಟ ತಿರುಗಿಸಿದ. "'ಯೋನಾಸ್ ಗೋಲು ಹೊಡೆದ. ಎಲ್ಲರೂ ಮೈಮೇಲೆ ಬಿದ್ದರು. ಅವನ ಮುಖ ನೋಡಿದರೆ ಬೇರೆ ಯಾರೋ ಹೊಡೆದ ಹಾಗೆ.'" ಇನ್ನೊಂದು ಪುಟ. "'ಹಮೀದ್ ಇವತ್ತೂ ಸುಳ್ಳು ಹೇಳಿದ. ಎರಡು ಜೊತೆ ಸಾಕ್ಸ್ ಕಳೆದದ್ದು ಅವನೇ...'"

ಓದು ನಿಂತಿತು. ಅವನು ನನ್ನ ಕಡೆ ತಿರುಗಿದ.

"ಓಯ್ ಮಾಷ್ಟ್ರೆ, ಇದನ್ನೂ ಹೇಳ್ಬೇಕಾ?"

"ಹೇಳು."

ಅವನು ಅದನ್ನೂ ಅರಬಿಯಲ್ಲಿ ಹೇಳಿದ. ಫತ್ಹಿಯವರು ಮೊದಲ ಸಲ ಕುರ್ಚಿಗೆ ಒರಗಿದರು. ತನ್ನ ಮೇಲಿನ ದೂರನ್ನು ತಾನೇ ಓದಿದವನು ಉಳಿದದ್ದನ್ನು ಸುಳ್ಳು ಓದಿರಲಾರ ಎಂದು ಅವರಿಗೆ ಅನಿಸಿರಬೇಕು. ಹಾಗೆಂದು ಅವರು ಹೇಳಲಿಲ್ಲ, ಇದು ನನ್ನ ಊಹೆ. ಅವರು ಕೇಳಿದ್ದು ಬೇರೆ.

"ಉಳಿದ ಆಟಗಾರರದ್ದರಲ್ಲಿ ಎಷ್ಟು ನೀನು ಬರೆದದ್ದು?"

"ಬಹಳ," ಎಂದೆ.

ಅವರು ಕಡತ ಮುಚ್ಚಿದರು. "ಖಲಾಸ್. ಈ ಕಾಗದ ಇನ್ನು ಯಾತಕ್ಕೂ ಉಪಯೋಗವಿಲ್ಲ. ಡಾಕ್ಟರ್, ನೀವು ಏನು ಹೇಳುತ್ತೀರೋ ಅದನ್ನು ಬರೆಯಿರಿ. ನಾನು ಸಹಿ ಹಾಕುತ್ತೇನೆ."

ಯೋನಾಸನಿಗೆ ಚಿಕಿತ್ಸೆಯ ರಜೆ ಸಿಕ್ಕಿತು. ನನಗೆ ಎಚ್ಚರಿಕೆ ಪತ್ರ. ಕೆಲಸದಿಂದ ತೆಗೆಯಬೇಕೆಂಬ ಮಾತು ಬಂದಾಗ, ಇವನು ಕಂಡದ್ದನ್ನು ಬರೆಯಬಲ್ಲವನು, ಫಾರಂ ಇವನ ಕೈಯಲ್ಲೇ ಇರಲಿ ಎಂದು ಡಾಕ್ಟರು ಹೇಳಿದರಂತೆ. ಆದರೆ ಕ್ರಮ ಬದಲಾಯಿತು. ಯಾರ ಫಾರಂ ಆದರೂ ಆಟಗಾರ ಕುರ್ಚಿಯಲ್ಲಿ ಕೂತು ತಾನೇ ಬರೆಯಬೇಕು. ಬರೆಯದಿದ್ದರೆ ಚೌಕ ಖಾಲಿ ಇರಲಿ, ಖಾಲಿ ಇರುವುದೂ ಒಂದು ಸುದ್ದಿ ಎಂದರು ಡಾಕ್ಟರು. ಈಗ ಆಟಗಾರರು ಹಾಸಿಗೆಯಿಂದ ಏಳುವ ಮೊದಲೇ ಫೋನಿನಲ್ಲಿ ಅಂಕ ಒತ್ತುತ್ತಾರಂತೆ, ನಿದ್ದೆಯನ್ನು ಬೆರಳಿನ ಉಂಗುರವೇ ಅಳೆಯುತ್ತದಂತೆ. ಒಳ್ಳೆಯದೇ. ಉಂಗುರಕ್ಕೆ ನನಗಿದ್ದಂಥ ಹೆದರಿಕೆ ಇರಲಾರದು.

ರಜೆಯ ಐದನೇ ವಾರ, ಒಂದು ಶುಕ್ರವಾರ ಬೆಳಿಗ್ಗೆ, ಅವನನ್ನು ಹೊರಗೆ ಕರೆದುಕೊಂಡು ಹೋಗಬಹುದು ಎಂದು ಡಾಕ್ಟರು ಹೇಳಿದಾಗ ಹಮೀದ್ ತನ್ನ ವ್ಯಾನು ತಂದ. ಅಲ್ ಶಮಾಲಿನ ಸಮುದ್ರದ ಕಡೆಗೆ ಹೊರಟೆವು. ದಾರಿಯಲ್ಲಿ ಯೋನಾಸ್ ತಾನಾಗಿಯೇ ಮಾತು ತೆಗೆದ. ಹನ್ನೆರಡನೇ ವಯಸ್ಸಿಗೆ ಮನೆ ಬಿಟ್ಟು ಕ್ಲಬ್ಬಿನ ಹಾಸ್ಟೆಲ್ ಸೇರಿದ್ದ. ಹತ್ತೊಂಬತ್ತಕ್ಕೆ ದೊಡ್ಡ ಲೀಗಿನಲ್ಲಿ ಆಡಿದ್ದ. ಇಪ್ಪತ್ತನಾಲ್ಕಕ್ಕೆ ಮೊದಲ ಸಲ ಹೀಗಾಯಿತು.

"ಪತ್ರಿಕೆಗಳಿಗೆ ಬೆನ್ನುನೋವು ಎಂದರು," ಎಂದ. "ನಾನೂ ಹಾಗೆಯೇ ಹೇಳಿದೆ. ಬೆನ್ನು ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಹೂವು ಕಳಿಸುತ್ತಾರೆ."

"ಮತ್ತೆ ಇಲ್ಲಿಗೆ ಯಾಕೆ ಬಂದಿ?" ಹಮೀದ್ ಕೇಳಿದ.

"ನಮ್ಮಲ್ಲಿ ಚಳಿಗಾಲ ಕತ್ತಲೆ. ಬಿಸಿಲಿದ್ದಲ್ಲಿಗೆ ಹೋದರೆ ಇದು ಹಿಂದೆ ಉಳಿಯುತ್ತದೆ ಅಂದುಕೊಂಡೆ. ಬಿಸಿಲು ಸಿಕ್ಕಿತು. ಇದೂ ಜೊತೆಗೇ ಬಂತು."

ಹಮೀದ್ ನನ್ನ ಕಡೆ ಬಾಗಿ ಕನ್ನಡದಲ್ಲಿ, "ನಮ್ಮವರು ಬಿಸಿಲು ತಪ್ಪಿಸ್ಲಿಕ್ಕೆ ಸಾಯ್ತಾರೆ, ಇವ ಅದನ್ನೇ ಹುಡುಕಿ ಬಂದಿದ್ದಾನೆ ಮಾರಾಯ್ರೆ," ಎಂದ. ಯೋನಾಸ್ ಏನೆಂದು ಕೇಳಿದ. ಹೇಳಿದೆವು. ಅವನು ನಕ್ಕ. ಆಮೇಲೆ ಸೀಟಿಗೆ ಒರಗಿ ನಿದ್ದೆಹೋದ. ಸಮುದ್ರ ಬಂದರೂ ನಾವು ಎಬ್ಬಿಸಲಿಲ್ಲ. ಎರಡು ಗಂಟೆ ವ್ಯಾನಿನ ಹೊರಗೆ ಕೂತು ಚಹಾ ಕುಡಿದು ಅವನನ್ನು ಹಾಗೆಯೇ ಮನೆಗೆ ತಂದು ಬಿಟ್ಟೆವು.

ಮಾರ್ಚಿನಲ್ಲಿ ಅವನು ಅಭ್ಯಾಸಕ್ಕೆ ಮರಳಿದ. ಮೊದಲ ದಿನ ನನ್ನ ಮೇಜಿನ ಎದುರು ಕೂತಾಗ, ಇಷ್ಟು ದಿನ ಒಳಗೆ ಇಟ್ಟುಕೊಂಡದ್ದನ್ನು ಹೇಳಿಬಿಟ್ಟೆ.

"ಆಗ ನಾನು ಕೇಳಬೇಕಿತ್ತು. ತಪ್ಪಾಯಿತು."

ಅವನು ಪೆನ್ನು ಎತ್ತಿಕೊಂಡ. "ಕೇಳಿದ್ದರೆ ನಾನೂ ನಾಲ್ಕು ಎಂದೇ ಹೇಳುತ್ತಿದ್ದೆ," ಎಂದ. "ಆದರೆ ಹೇಳುವಾಗ ನೀವು ನನ್ನ ಮುಖ ನೋಡುತ್ತಿದ್ದಿರಿ."

ಇಷ್ಟು ಚೆನ್ನಾಗಿ ಅವನು ಹೇಳಿದನೋ, ವರ್ಷಗಳ ಮೇಲೆ ನಾನೇ ಅದನ್ನು ತಿದ್ದಿ ತೀಡಿದ್ದೇನೋ, ಆಣೆ ಮಾಡಿ ಹೇಳಲಾರೆ. ಆ ದಿನದ ಡೈರಿಯಲ್ಲಿ ಈ ಮಾತು ಇಲ್ಲ. ಅಲ್ಲಿ ಇರುವುದನ್ನು ಇದ್ದ ಹಾಗೆ ಇಳಿಸುತ್ತೇನೆ:

"ಯೋನಾಸ್ ಬಂದ. ಕುರ್ಚಿಯಲ್ಲಿ ಕೂತು ತಾನೇ ಬರೆದ. ನಿದ್ದೆ ಎರಡು. ನನ್ನ ಮುಂದೆಯೇ ಬರೆದು, ಫಾರಂ ನನ್ನ ಕಡೆ ತಿರುಗಿಸಿ, ನಾನು ಓದುವವರೆಗೆ ಎದ್ದು ಹೋಗಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬರುವವರೆಗೆ ಇಬ್ಬರೂ ಅಲ್ಲೇ ಕೂತಿದ್ದೆವು."